ಟವೆಲ್ಲಿನ ಆನೆ

ದೊಡ್ಡಚಕ್ರನ ಹೊಟ್ಟೆಯಲ್ಲಿ ಆ ಸೋಮವಾರ ಬೆಳಗ್ಗೆ ಬೆಂಕಿ ಹೊತ್ತಿಕೊಂಡದ್ದು ಒಂದು ಟವೆಲ್ಲಿನಿಂದ. ಟವೆಲ್ಲು ಅವನದಲ್ಲ, ಅವನ ಷಡ್ಡಕನದು. ಇದ್ದದ್ದೂ ನೆಲದ ಮೇಲಲ್ಲ, ಸಮುದ್ರದ ಮೇಲೆ.

ದೊಡ್ಡಚಕ್ರ ಎಂಬುದು ಬೀದಿಯವರು ಇಟ್ಟ ಹೆಸರು. ಊರಂಚಿನ ಮನರಂಜನಾ ಪಾರ್ಕಿನಲ್ಲಿ ಹದಿನೆಂಟು ವರ್ಷದಿಂದ ಜೈಂಟ್ ವೀಲ್ ತಿರುಗಿಸುತ್ತಿದ್ದವನು ಅವನು. ಅವನು ತಿರುಗಿಸಿದ ಸುತ್ತುಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಹಾಸಿದ್ದರೆ ಚಂದ್ರನ ತನಕ ನಡೆದು, ಅಲ್ಲೊಂದು ಕಾಫಿ ಕುಡಿದು, ಸಂಜೆಯೊಳಗೆ ಮನೆಗೆ ಬರಬಹುದಿತ್ತು. ಆದರೆ ರೋಗ ಬಂತು, ಪಾರ್ಕಿಗೆ ಬೀಗ ಬಿತ್ತು. ಎರಡು ತಿಂಗಳಿಂದ ಒಂದೇ ಕುರ್ಚಿಯಲ್ಲಿ ಕೂತು ಕೂತು ಅವನು ಎಷ್ಟು ಒಗ್ಗಿಹೋಗಿದ್ದನೆಂದರೆ, ಹೆಂಡತಿ ಧೂಳು ಒರೆಸುವಾಗ ಕುರ್ಚಿಯ ಜೊತೆಗೆ ಅವನ ಭುಜವನ್ನೂ ಒರೆಸಿ ಮುಂದೆ ಹೋಗುತ್ತಿದ್ದಳು.

ಷಡ್ಡಕನ ಹಣೆಬರಹವೇ ಬೇರೆ. ರೋಗದ ಸುದ್ದಿ ಹಬ್ಬುವ ಮುಂಚಿನ ವಾರ ಅವನು ಹೆಂಡತಿಯನ್ನು, ಅಂದರೆ ದೊಡ್ಡಚಕ್ರನ ನಾದಿನಿಯನ್ನು, ಕರೆದುಕೊಂಡು ಏಳು ದಿನದ ವಿಹಾರಕ್ಕೆಂದು ಹಡಗು ಹತ್ತಿದ್ದ. ಆಮೇಲೆ ಯಾವ ಬಂದರಿನವರೂ ಆ ಹಡಗನ್ನು ಹತ್ತಿರ ಸೇರಿಸಲಿಲ್ಲ. ಏಳು ದಿನ ಹೋಗಿ ಅರವತ್ತೊಂದಾಯಿತು. ಹತ್ತು ದಿನದಿಂದ ಅದು ಇದೇ ಊರಿನ ಬಂದರಿನ ಹೊರಗೆ ಲಂಗರು ಹಾಕಿ ಅಪ್ಪಣೆಗಾಗಿ ಕಾಯುತ್ತಿತ್ತು. ಜಗತ್ತೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರೆ ದೊಡ್ಡಚಕ್ರ ಮಾತ್ರ ಅರವತ್ತೊಂದು ದಿನದ ಬಿಟ್ಟಿ ಊಟವನ್ನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ.

ದಿನಾ ಬೆಳಗ್ಗೆ ಎಂಟಕ್ಕೆ ಹಡಗಿನಿಂದ ವಿಡಿಯೊ ಕರೆ ಬರುತ್ತಿತ್ತು. ಅಂದು ಫೋನಿನಲ್ಲಿ ಮೊದಲು ಕಂಡದ್ದು ಆನೆ. ಬಿಳಿ ಟವೆಲ್ಲನ್ನು ಸುತ್ತಿ, ಮಡಚಿ, ಸೊಂಡಿಲೆತ್ತಿ ನಿಲ್ಲಿಸಿದ ಆನೆ. ನಿನ್ನೆ ಹಂಸ ಬಂದಿತ್ತು, ಮೊನ್ನೆ ಮೊಲ. ಹಡಗಿನ ಆಳುಗಳು ದಿನಕ್ಕೊಂದು ಪ್ರಾಣಿ ಮಾಡಿ ಹಾಸಿಗೆಯ ಮೇಲೆ ಇಟ್ಟುಹೋಗುತ್ತಾರಂತೆ. ಆನೆಯ ಹಿಂದೆ ಸ್ನಾನದ ಬಿಳಿ ಗೌನು ತೊಟ್ಟ ಷಡ್ಡಕ. ಅವನ ಹಿಂದೆ ಕಿಟಕಿ, ಕಿಟಕಿಯ ತುಂಬ ನೀಲಿ ಸಮುದ್ರ, ಮೇಲೊಂದು ಬಿಳಿ ಹಕ್ಕಿ. ದಿನಾ ಅದೇ ಹಕ್ಕಿ. ಹಕ್ಕಿ ಕೂಡ ಇವನ ಜೊತೆ ಬಿಟ್ಟು ಹೋಗುವುದಿಲ್ಲವಲ್ಲ ಎಂದು ದೊಡ್ಡಚಕ್ರ ಹಲ್ಲು ಕಡಿದ.

"ಏನ್ ಮಾಡೋದು ಅಣ್ಣಾ," ಎಂದ ಷಡ್ಡಕ, ಎಲ್ಲ ಕಳೆದುಕೊಂಡವನ ದನಿಯಲ್ಲಿ. "ಇವತ್ತು ಪೂಲ್ ನೀರು ಸ್ವಲ್ಪ ಬೆಚ್ಚಗಾಗ್ಬಿಟ್ಟಿದೆ."

ದೊಡ್ಡಚಕ್ರನ ಹೆಂಡತಿ ನಿಟ್ಟುಸಿರು ಬಿಟ್ಟಳು. ಆ ಉಸಿರಿಗೆ ಒಲೆ ಆರಿ, ಕ್ಯಾಲೆಂಡರಿನ ಎರಡು ತಿಂಗಳು ಮಗುಚಿಬಿದ್ದವು.

ಅಷ್ಟಕ್ಕೇ ಮುಗಿದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಏಳು ವರ್ಷದ ಮಗಳು ತನಗೂ ಒಂದು ಆನೆ ಬೇಕೆಂದಳು. ಮೊದಲೆಲ್ಲ ಇದೇ ಮಗಳು, ನಮ್ಮಪ್ಪ ಇಡೀ ಊರನ್ನು ಆಕಾಶಕ್ಕೆ ಎತ್ತಿ ಇಳಿಸುತ್ತಾರೆ ಎಂದು ಶಾಲೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದಳು. ಈಗ ಅವಳ ಚಿತ್ರದ ಪುಸ್ತಕದಲ್ಲಿ ಚಕ್ರ ಬರೆಯುವುದು ನಿಂತು ಪುಟಪುಟಕ್ಕೂ ಹಡಗು ಬರುತ್ತಿತ್ತು. ದೊಡ್ಡಚಕ್ರ ಮನೆಯ ಟವೆಲ್ಲು ತಂದ. ಅದರಲ್ಲೊಂದು ತೂತಿತ್ತು, ಕಣ್ಣಿಗಾಯಿತು ಎಂದುಕೊಂಡ. ಅರ್ಧ ಗಂಟೆ ಅದರ ಜೊತೆ ಕುಸ್ತಿ ಮಾಡಿದ. ಕೊನೆಗೆ ಮೇಜಿನ ಮೇಲೆ ನಿಂತದ್ದು, ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದ ಬಾತುಕೋಳಿಯಂಥ ಒಂದು ಪ್ರಾಣಿ. ಅದೂ ನಿಲ್ಲಲಾರದೆ ಮೆಲ್ಲಗೆ ಪಕ್ಕಕ್ಕೆ ಒರಗಿತು.

ಮಗಳು ಅದನ್ನು ಸುತ್ತಿ ನೋಡಿದಳು. "ಪರವಾಗಿಲ್ಲ ಬಿಡಪ್ಪ," ಎಂದಳು, ಅಪ್ಪನ ಬೆನ್ನು ತಟ್ಟಿ. "ಚಿಕ್ಕಪ್ಪ ದಿನಾ ನೋಡ್ತಾರಲ್ಲ, ಬಂದ್ಮೇಲೆ ನಿಂಗೂ ಹೇಳ್ಕೊಡ್ತಾರೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಸಮಾಧಾನ ಮಾಡಿದ್ದು ಎದೆಗೇ ನಾಟಿತು.

ಸೋಮವಾರ ಚಕ್ರ ತಿರುಗಿಸುವ ದಿನ. ಪಾರ್ಕು ಮುಚ್ಚಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಚಕ್ರವನ್ನು ಖಾಲಿ ಓಡಿಸಲೇಬೇಕು. ಇಲ್ಲದಿದ್ದರೆ ಬೇರಿಂಗು ಹಿಡಿದುಕೊಂಡು, ಮತ್ತೆ ಅಲುಗಾಡಿಸಬೇಕಾದರೆ ಭೂಕಂಪವೇ ಬರಬೇಕು. ಅದಕ್ಕೆಂದೇ ಅವನಿಗೊಂದು ಪಾಸು ಇತ್ತು. ಅಂದು ಅವನು ಪಾಸಿನ ಜೊತೆ ಚೀಲಕ್ಕೆ ಹೆಂಡತಿಯ ಅಗಲ ಅಂಚಿನ ಹ್ಯಾಟು, ಕಪ್ಪು ಕನ್ನಡಕ, ಒಂದು ಗಾಜಿನ ಲೋಟ, ಬಾಟಲಿಯಲ್ಲಿ ಕೆಂಪು ಶರಬತ್ತು ತುರುಕಿದ.

"ಹನ್ನೆರಡು ಗಂಟೆಗೆ ಫೋನ್ ನೋಡ್ತಾ ಇರು," ಎಂದ ಹೆಂಡತಿಗೆ. "ಯಾರು ಎಷ್ಟು ಎತ್ತರದಲ್ಲಿದ್ದಾರೆ ಅಂತ ಎಲ್ರಿಗೂ ಗೊತ್ತಾಗ್ಲಿ."

ಮೆಟ್ಟಿಲಿಳಿಯುವಾಗ ಅವನಿಗೊಂದು ಕೆಮ್ಮು ಬಂತು. ಮೇಲಿನ ಮನೆಯ ಬಾಲ್ಕನಿಯಲ್ಲಿ ದುರ್ಬೀನು ಮೇಷ್ಟ್ರು ಸೆಟೆದು ನಿಂತರು. ನಿವೃತ್ತರಾದ ಈ ಮೇಷ್ಟ್ರಿಗೆ ರೋಗ ಬಂದ ಮೇಲೆ ಹೊಸ ಕೆಲಸ ಸಿಕ್ಕಿತ್ತು. ದುರ್ಬೀನು ಹಿಡಿದು ಊರನ್ನು ಕಾಯುವುದು, ಯಾರ ಮುಖವಸ್ತ್ರ ಜಾರಿದರೂ ಸಹಾಯವಾಣಿಗೆ ಫೋನು ಮಾಡುವುದು. ಅವರ ದನಿ ಕೇಳಿದರೆ ಸಾಕು, ಸಹಾಯವಾಣಿಯ ಹುಡುಗಿ ಬೀದಿಯ ಹೆಸರು ಕೇಳದೆಯೇ ಬರೆದುಕೊಳ್ಳುತ್ತಿದ್ದಳು.

ಪಾರ್ಕಿನಲ್ಲಿ ಜಾರುಬಂಡಿಯ ಕೊಳವೆಯೊಳಗೆ ಹುಲ್ಲು ಬೆಳೆದಿತ್ತು. ಭೂತಬಂಗಲೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಗೇಟಿನ ಕಾವಲುಗಾರನಿಗೆ ವಾರದಲ್ಲಿ ಕಾಣುವ ಮನುಷ್ಯನೆಂದರೆ ದೊಡ್ಡಚಕ್ರನೊಬ್ಬನೇ. ಮಿಕ್ಕ ಆರು ದಿನ ಅವನು ಮರದ ಕುದುರೆಗಳ ಜೊತೆ ಮಾತಾಡಿ, ಅವು ಉತ್ತರ ಕೊಡಲಿಲ್ಲವೆಂದು ಮುನಿಸಿಕೊಂಡಿದ್ದ.

ದೊಡ್ಡಚಕ್ರ ತನ್ನ ಯೋಜನೆ ಬಿಡಿಸಿಟ್ಟ. ತಾನು ತೊಟ್ಟಿಲಲ್ಲಿ ಕೂರುವುದು, ಕಾವಲುಗಾರ ಯಂತ್ರ ನಡೆಸುವುದು. ಹಸಿರು ಗುಂಡಿಗೆ ಹೊರಡುತ್ತದೆ, ಕೆಂಪಿಗೆ ನಿಲ್ಲುತ್ತದೆ. ತೊಟ್ಟಿಲು ತುದಿಗೆ ಹೋದಾಗ ಕೆಂಪು, ಹತ್ತು ನಿಮಿಷ ಬಿಟ್ಟು ಹಸಿರು.

"ಹದಿನೆಂಟು ವರ್ಷದಲ್ಲಿ ನೀವು ಒಂದ್ಸಲಾನೂ ಹತ್ತಿದ್ದು ನೋಡಿಲ್ವಲ್ಲಣ್ಣ," ಎಂದ ಕಾವಲುಗಾರ.

ಯಂತ್ರ ಬಿಟ್ಟು ಹೋಗುವ ಹಾಗಿಲ್ಲವಲ್ಲ, ಅದಕ್ಕೆ ಎಂದು ದೊಡ್ಡಚಕ್ರ ಗತ್ತಿನಿಂದ ಹೇಳಿದ. ನಿಜ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಅವನಿಗೆ ಎತ್ತರವೆಂದರೆ ಸ್ಟೂಲು ಹತ್ತುವಾಗಲೂ ಕಣ್ಣು ಕತ್ತಲೆ. ಆದರೆ ಹೊಟ್ಟೆಕಿಚ್ಚು ಹೊತ್ತಿದ ಮೇಲೆ ಭಯಕ್ಕೆ ಒಳಗೆ ಜಾಗವೆಲ್ಲಿ? ತೊಟ್ಟಿಲಲ್ಲಿ ಕೂತ. ಕಾವಲುಗಾರ ಹೊರಗಿನಿಂದ ಚಿಲಕ ಹಾಕಿದ. ಚಿಲಕ ಇದ್ದದ್ದೂ ಹೊರಗೇ.

ಮೇಲೆ ನಿಂತಾಗ ಅವನ ಜೀವ ಗಂಟಲಿಗೆ ಬಂದು, ಬಾಗಿಲು ಹುಡುಕಿ, ಸಿಗದೆ ವಾಪಸು ಹೋಯಿತು. ಎತ್ತರವೆಂದರೆ ಎಂಥದು, ಮೋಡಗಳು ಕೆಳಗೆ ಬಗ್ಗಿ ಅವನನ್ನು ದಾಟುತ್ತಿದ್ದವು. ದೂರದಲ್ಲಿ ಬಂದರು, ಅದರಾಚೆ ಇಸ್ತ್ರಿಪೆಟ್ಟಿಗೆಯಷ್ಟು ಚಿಕ್ಕದಾಗಿ ಷಡ್ಡಕನ ಹಡಗು. ದೊಡ್ಡಚಕ್ರ ಹ್ಯಾಟು ಹಾಕಿಕೊಂಡು, ಲೋಟಕ್ಕೆ ಶರಬತ್ತು ಸುರಿದುಕೊಂಡು, ಹೆಂಡತಿಯನ್ನೂ ಹಡಗಿನವರನ್ನೂ ಒಟ್ಟಿಗೇ ಕರೆದ.

ಇಡೀ ಪಾರ್ಕನ್ನೇ ತನಗೊಬ್ಬನಿಗೆ ಬಿಟ್ಟುಕೊಟ್ಟಿದ್ದಾರೆ ಎಂದ. ಬೇಸರವಾದಾಗ ಬಂದು ಒಂದು ಗಳಿಗೆ ಹೀಗೆ ಕೂರುತ್ತೇನೆ ಎಂದ. ಬೆಳಗ್ಗೆ ಅಷ್ಟು ಮಾತಾಡಿದ್ದ ಷಡ್ಡಕ ಈಗ ಬಾಯಿ ತೆರೆದು ನೋಡುತ್ತಲೇ ಇದ್ದ.

"ಗಾಳಿ ಬರತ್ತಾ ಅಣ್ಣಾ?" ಎಂದು ಕೇಳಿದ.

"ಗಾಳಿನಾ? ಬೇಡ ಅಂದ್ರೂ ಬಿಡಲ್ಲ."

ಷಡ್ಡಕನ ಕಣ್ಣಲ್ಲಿ ನೀರಾಡಿದ ಹಾಗೆ ಕಂಡಿತು. ಫೋನಿನ ಇನ್ನೊಂದು ಮೂಲೆಯಲ್ಲಿ ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಅರವತ್ತೊಂದು ದಿನದಲ್ಲಿ ಮೊದಲ ಸಲ ದೊಡ್ಡಚಕ್ರನ ಹೊಟ್ಟೆಯೊಳಗೆ ತಂಪಾಯಿತು. ಆ ತಂಪಿನಲ್ಲಿ ಅವನು ಕರ್ಣನಾದ.

"ಅಲ್ಲೇನು ನೀರಲ್ಲಿ ತೇಲ್ಕೊಂಡಿರ್ತೀರಿ. ಇಳಿಯೋಕ್ಕೆ ಬಿಟ್ಟ ಕೂಡ್ಲೆ ಸೀದಾ ನಮ್ಮನೆಗೆ ಬನ್ನಿ. ಎಷ್ಟು ದಿನ ಬೇಕಾದ್ರೂ ಇರಿ. ನನ್ ಕುರ್ಚೀನೂ ನಿಮ್ಗೇ."

"ಅಣ್ಣಾ, ಈ ಮಾತು ಇನ್ನೊಂದ್ಸಲ ಹೇಳಿ. ರೆಕಾರ್ಡ್ ಮಾಡ್ಕೋತೀನಿ."

ಪಾಪ, ನೆನಪಿಗೆ ಇಟ್ಟುಕೊಳ್ಳುತ್ತಾನೆ ಎಂದುಕೊಂಡು ದೊಡ್ಡಚಕ್ರ ಇನ್ನೂ ಗಟ್ಟಿಯಾಗಿ, ಮನೆಯ ವಿಳಾಸ ಸಮೇತ ಹೇಳಿದ.

ಅದೇ ಹೊತ್ತಿಗೆ ದುರ್ಬೀನು ಮೇಷ್ಟ್ರು ಸಹಾಯವಾಣಿಗೆ, ಮುಚ್ಚಿದ ಪಾರ್ಕಿನ ಚಕ್ರದ ಮೇಲೆ ಯಾರೋ ಹ್ಯಾಟಿನ ಹೆಂಗಸು ಕೂತು ಮದ್ಯ ಕುಡಿಯುತ್ತಿದ್ದಾಳೆಂದು ತಿಳಿಸಿದರು. ಹತ್ತು ನಿಮಿಷ ಮುಗಿಯುವ ಮೊದಲೇ ಆರೋಗ್ಯದವರ ವ್ಯಾನು ಬಂತು. ಬಿಳಿ ಅಂಗಿ ತಲೆತನಕ ಮುಚ್ಚಿಕೊಂಡ ಇಬ್ಬರು ಇಳಿದು, ಮೊದಲು ಸಿಕ್ಕ ಕಾವಲುಗಾರನ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದರು. ಸುಡುಬಿಸಿಲಲ್ಲಿ ಯಂತ್ರದ ಪಕ್ಕ ನಿಂತಿದ್ದವನ ಹಣೆ ಕಾದ ಕಾವಲಿಯಾಗಿತ್ತು. ಜ್ವರದ ಯಂತ್ರ ಒಮ್ಮೆ ಕೂಗಿದ್ದು ನಿಲ್ಲಿಸಲೇ ಇಲ್ಲ.

ಹಸಿರು ಗುಂಡಿ ಒತ್ತಬೇಕು, ಮೇಲೆ ಒಬ್ಬರಿದ್ದಾರೆ ಎಂದು ಕಾವಲುಗಾರ ಬಡಕೊಂಡ. ಅವರು ಅವನ ಮಾತನ್ನು ತಳ್ಳಿಹಾಕಲಿಲ್ಲ. 'ಸಂಪರ್ಕಕ್ಕೆ ಬಂದವರು: ಒಬ್ಬರು, ಮೇಲೆ' ಎಂದು ಬರೆದುಕೊಂಡು ಅವನನ್ನು ಕರೆದೊಯ್ದರು. ಹಿಂದೆಯೇ ಇನ್ನೊಂದು ವ್ಯಾನಿನವರು ಬಂದು ಗುಂಡಿಗಳ ಮೇಲೆಲ್ಲ ಔಷಧಿ ಸಿಂಪಡಿಸಿದರು.

"ಹಸಿರು ಒತ್ರಪ್ಪಾ," ಎಂದು ದೊಡ್ಡಚಕ್ರ ಮೇಲಿನಿಂದ ಕೂಗಿದ.

"ಔಷಧಿ ಹಾಕಿದ್ಮೇಲೆ ಮೂರು ಗಂಟೆ ಮುಟ್ಟೋ ಹಾಗಿಲ್ಲ," ಎಂದು ಕೆಳಗಿನಿಂದ ಉತ್ತರ ಬಂತು. "ಆರಾಮಾಗಿ ಕೂತಿರಿ."

ಆ ಮೂರು ಗಂಟೆ ಮೂವತ್ತು ವರ್ಷವಾಗಿ ಉರುಳಿತು. ಶರಬತ್ತು ಮುಗಿಯಿತು, ಮುಗಿದದ್ದರ ಪರಿಣಾಮವೂ ಶುರುವಾಯಿತು. ಹ್ಯಾಟು ಹಾರಿಹೋಗಿ ಭೂತಬಂಗಲೆಯ ಮೇಲೆ ಕೂತಿತು. ಫೋನಿನ ಬ್ಯಾಟರಿ ಸತ್ತಿತು. ಊರಿನ ಮನೆಮಾಳಿಗೆಗಳಲ್ಲೆಲ್ಲ ಜನ ನೆರೆದರು. ಎರಡು ತಿಂಗಳಿಂದ ನೋಡಲು ಏನೂ ಇರಲಿಲ್ಲ ಅವರಿಗೆ. ಮೇಷ್ಟ್ರು ದುರ್ಬೀನನ್ನು ಸರತಿಯ ಸಾಲಿನಲ್ಲಿ ಬೀದಿಗೆಲ್ಲ ಕೊಟ್ಟರು. ಮೊದಲ ಸರತಿ ದೊಡ್ಡಚಕ್ರನ ಹೆಂಡತಿಯದು. ಅವಳು ನೋಡಿ, ಗಾಜು ಒರೆಸಿ ಮುಂದಿನವರಿಗೆ ಕೊಟ್ಟಳಂತೆ.

ನಾಲ್ಕು ಗಂಟೆಗೆ ಅವರೇ ಹಸಿರು ಒತ್ತಿ ಅವನನ್ನು ಇಳಿಸಿದರು. ಪಾರ್ಕಿನ ಶೌಚಾಲಯಕ್ಕೆ ಒಂದು ಓಟ ಓಡಿ ಬಂದವನಿಗೆ, ಜ್ವರದ ಕಾವಲುಗಾರನ ಜೊತೆ ಇದ್ದದ್ದರಿಂದ ಹದಿನಾಲ್ಕು ದಿನ ಮನೆಗೆ ಹೋಗುವಂತಿಲ್ಲ ಎಂದು ಹೇಳಿದರು.

"ಮತ್ತೆ ಎಲ್ಲಿಗೆ?"

"ಊರಲ್ಲಿ ಎಲ್ಲಾ ಕಡೆ ಭರ್ತಿ. ನಿಮ್ಮ ಅದೃಷ್ಟ, ಮಧ್ಯಾಹ್ನ ಹೊಸ ಜಾಗ ಸಿಕ್ತು. ಆ ಹಡಗಿಗೆ ಒಳಗೆ ಬರೋಕ್ಕೆ ಅಪ್ಪಣೆ ಆಯ್ತು. ಅದರಲ್ಲಿದ್ದವರಿಗೆಲ್ಲ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಊರಲ್ಲಿ ಯಾರ ಮನೆಯವರು ಕರೆದಿದ್ದಾರೋ ಅವರನ್ನ ಕಳ್ಸಿದ್ವಿ. ಖಾಲಿ ಆದ ಕೋಣೆಗಳು ನಿಮ್ಮಂಥವರಿಗೆ."

ದೊಡ್ಡಚಕ್ರನಿಗೆ ಕಿವಿ ನಂಬಲಾಗಲಿಲ್ಲ. ಹಡಗು. ಗೌನು, ಪೂಲು, ದಿನಕ್ಕೊಂದು ಪ್ರಾಣಿ. ದಾರಿಯುದ್ದಕ್ಕೂ ಅವನು ವ್ಯಾನಿನ ಕಿಟಕಿಯಲ್ಲಿ ರಾಜ್ಯ ಗೆದ್ದವನ ಹಾಗೆ ಕೂತಿದ್ದ. ಮಗಳು ಇನ್ನು ಬರೆಯುವ ಹಡಗಿನಲ್ಲೆಲ್ಲ ಅಪ್ಪನೇ ನಿಂತಿರುತ್ತಾನೆ.

ಹಡಗಿನಲ್ಲಿ ಅವನನ್ನು ಮೇಲಕ್ಕೆ ಕರೆದೊಯ್ಯಲಿಲ್ಲ, ಕೆಳಕ್ಕೆ. ಮತ್ತೂ ಕೆಳಕ್ಕೆ. ಇನ್ನೊಂದು ಮೆಟ್ಟಿಲಿದ್ದಿದ್ದರೆ ಮೀನುಗಳಿಗೆ ನಮಸ್ಕಾರ ಹೇಳಬೇಕಾಗುತ್ತಿತ್ತು. ಜ್ವರದ ಕಾವಲುಗಾರನಿಗೆ ಗಾಳಿ ಬೆಳಕು ಬೇಕೆಂದು ಮೇಲಂತಸ್ತಿನ ಬಾಲ್ಕನಿ ಕೋಣೆ ಕೊಟ್ಟಿದ್ದಾರೆ, ಬರೀ ಸಂಪರ್ಕದವರಿಗೆ ಇದೇ ಎಂದು ಹೇಳಿ ಬಾಗಿಲು ತೆರೆದರು. ಪೂಲಿನ ವಿಚಾರ ಕೇಳಿದ. ಅದರ ನೀರು ಬಸಿದು ಐವತ್ತು ದಿನವಾಯಿತು, ಊಟ ಬಾಗಿಲ ಹೊರಗೆ ಡಬ್ಬಿಯಲ್ಲಿ ಬರುತ್ತದೆ, ಕೋಣೆಗೆ ಯಾರೂ ಕಾಲಿಡುವುದಿಲ್ಲ ಎಂದು ಹೇಳಿ ಹೋದರು.

ಬೀರುವಿನಷ್ಟು ಅಗಲದ ಕೋಣೆ. ಕೊಕ್ಕೆಗೆ ತೂಗಿದ ಬಿಳಿ ಗೌನು. ಗೋಡೆಯಲ್ಲಿ ಕಿಟಕಿ, ನೀಲಿ ಸಮುದ್ರ, ಬಿಳಿ ಹಕ್ಕಿ. ಕಿಟಕಿ ತೆರೆಯೋಣವೆಂದು ದೊಡ್ಡಚಕ್ರ ಕೈಯಿಟ್ಟ. ಬೆರಳಿಗೆ ಸಿಕ್ಕಿದ್ದು ಕಾಗದ. ಕಿಟಕಿಯಿಲ್ಲದ ಕೋಣೆಯವರಿಗೆ ಬೇಸರವಾಗದಿರಲೆಂದು ಚೌಕಟ್ಟು ಹೊಡೆದು ಅಂಟಿಸಿದ ಚಿತ್ರ ಅದು. ಹಾಸಿಗೆಯ ಮೇಲೆ ಬೆಳಗ್ಗಿನ ಆನೆ ಸೊಂಡಿಲೆತ್ತಿ ಅವನನ್ನೇ ನೋಡುತ್ತಿತ್ತು. ಅದರ ಪಕ್ಕ ಮಾಡಿ ಕೆಡಿಸಿದ ಇನ್ನೂ ನಾಲ್ಕು ಆನೆಗಳು.

ಗೋಡೆಯ ಬಳಿ ಫೋನಿಗೆ ಚಾರ್ಜು ಹಾಕಿದ್ದೇ ತಡ, ಮನೆಯಿಂದ ಕರೆ ಬಂತು.

ಅವನ ಕುರ್ಚಿಯಲ್ಲಿ ಷಡ್ಡಕ ಕೂತಿದ್ದ. ಹಿಂದೆ ಕಿಟಕಿ, ನಿಜವಾದ ಕಿಟಕಿ, ಪರದೆ ಗಾಳಿಗೆ ಹಾರಾಡುತ್ತಿತ್ತು. ಕೈಯಲ್ಲಿ ಹೊಗೆಯಾಡುವ ತಟ್ಟೆ. ನಾದಿನಿ, ಅಕ್ಕ ಏನು ಮಾಡಿ ಹಾಕಿದರೂ ಅಮೃತ ಎನ್ನುತ್ತಿದ್ದಳು. ಹೆಂಡತಿ ನಗುತ್ತ ಇನ್ನೊಂದು ಸೌಟು ಬಡಿಸುತ್ತಿದ್ದಳು. ಆ ನಗೆಯನ್ನು ದೊಡ್ಡಚಕ್ರ ಎರಡು ತಿಂಗಳಿಂದ ಕಂಡಿರಲಿಲ್ಲ. ಬಡಿಸಿದ್ದು ಮಾತ್ರ ದಿನಾ ಅವನೂ ತಿಂದು, ಉಪ್ಪು ಸಾಲದು ಎನ್ನುತ್ತಿದ್ದ ಅದೇ ಊಟ. ಮಗಳ ಮುಂದೆ ಮನೆಯ ತೂತು ಟವೆಲ್ಲು ಮೊಲವಾಗಿ ಎದ್ದು ನಿಂತಿತ್ತು. ತೂತು ಸರಿಯಾಗಿ ಕಣ್ಣಿನ ಜಾಗಕ್ಕೇ ಬಂದಿತ್ತು.

ದೊಡ್ಡಚಕ್ರನ ಹೊಟ್ಟೆಯಲ್ಲಿ ಆರಿದ್ದ ಬೆಂಕಿ ಮತ್ತೆ ಹೊತ್ತಿತು, ಈ ಸಲ ಅವನದೇ ಮನೆಯ ಮೇಲೆ.

"ನಿಮ್ಮ ಋಣ ತೀರ್ಸೋಕಾಗಲ್ಲ ಅಣ್ಣಾ," ಎಂದ ಷಡ್ಡಕ. ಆ ರೆಕಾರ್ಡು ತೋರಿಸಿದ್ದೇ ಎರಡನೇ ಮಾತಿಲ್ಲದೆ ಇಳಿಸಿದರಂತೆ. ಆಮೇಲೆ ಅವನ ದನಿ ಮೆತ್ತಗಾಯಿತು. ಕೋಣೆ ಹೇಗಿದೆ ಎಂದು ಕೇಳಲು ಬಾಯಿ ತೆರೆದವನು, ಊಟ ಆಯ್ತಾ ಎಂದ.

ಮಗಳು ಫೋನು ಕಸಿದುಕೊಂಡಳು. "ಅಪ್ಪಾ, ನಿಂಗೆ ಇವತ್ತು ಯಾವ ಪ್ರಾಣಿ ಬಂತು?"

ಅವಳ ಕಣ್ಣುಗಳು ಅಗಲವಾಗಿ ಹೊಳೆಯುತ್ತಿದ್ದವು. ಹಿಂದೆ ಹೆಂಡತಿಯೂ ಸೌಟು ಹಿಡಿದು ಬಗ್ಗಿ ನೋಡುತ್ತಿದ್ದಳು. ದೊಡ್ಡಚಕ್ರ ಫೋನನ್ನು ಹಾಸಿಗೆಯ ಮೇಲೆ ಮಗುಚಿಟ್ಟ. ಆಮೇಲೆ ಕೊಕ್ಕೆಯಿಂದ ಗೌನು ತೆಗೆದು ಹಾಕಿಕೊಂಡ, ಆನೆಯನ್ನು ಮುಂದಕ್ಕೆಳೆದ, ಕಾಗದದ ಹಕ್ಕಿ ತನ್ನ ಭುಜದ ಮೇಲೆ ಸರಿಯಾಗಿ ಕಾಣುವಂತೆ ಫೋನನ್ನು ತಿರುಗಿಸಿ ಹಿಡಿದ.

"ಆನೆ ಕಣೇ," ಎಂದ. "ಏನ್ ಮಾಡೋದು ಹೇಳು, ಪೂಲ್ ನೀರೇ ಇವತ್ತು ಸ್ವಲ್ಪ ಬೆಚ್ಚಗಿತ್ತು."

ಹೆಂಡತಿ ನಿಟ್ಟುಸಿರು ಬಿಟ್ಟಳು. ಕುರ್ಚಿಯಲ್ಲಿದ್ದ ಷಡ್ಡಕ ತಲೆ ತಗ್ಗಿಸಿ, ತಟ್ಟೆಯಲ್ಲಿದ್ದುದನ್ನು ಬಹಳ ಗಮನವಿಟ್ಟು ಉಣ್ಣತೊಡಗಿದ.