ಬೇಸ್‌ಮೆಂಟಿನಿಂದ ಮೇಲಂತಸ್ತಿಗೆ ವರ್ಗಾವಣೆ ಕೋರಿ

ಇಂದ:
ಸೋಮಲಿಂಗಪ್ಪ, ವಯಸ್ಸು ಐವತ್ತೊಂದು,
ಡೇಟಾ ಸೆಂಟರಿನ ಕೂಲಿಂಗ್ ವಿಭಾಗದ ಇಂಜಿನಿಯರ್,
ಹಾಲಿ ವಾಸ: ಬೇಸ್‌ಮೆಂಟ್, ಸ್ವಂತ ಟೌನ್‌ಹೌಸ್, ಆಶ್‌ಬರ್ನ್, ವರ್ಜೀನಿಯಾ.

ಗೆ:
ಶ್ರೀಮತಿ ಗಂಗಾಂಬಿಕಾ ಅವರು, ಅರ್ಜಿದಾರನ ಧರ್ಮಪತ್ನಿ ಹಾಗೂ ಮೇಲಂತಸ್ತಿನ ಮುಖ್ಯಾಧಿಕಾರಿಗಳು,
ಅದೇ ಮನೆ.

ದಿನಾಂಕ: ನವೆಂಬರ್ 2018

ವಿಷಯ: ಅರ್ಜಿದಾರನನ್ನು ಮೂಲ ಸ್ಥಾನಕ್ಕೆ ಮರುನಿಯುಕ್ತಿಗೊಳಿಸುವ ಬಗ್ಗೆ.

ಉಲ್ಲೇಖ: 1. ತಮ್ಮ ಮೌಖಿಕ ಆದೇಶ, "ಕೆಳಗ ಮಲಗ್ರಿ."
2. ಷಾರ್ಲೆಟ್ ಊರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಹೋಗುವುದಾಗಿ ತಾವು ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿ.

ಮಾನ್ಯರೇ,

ಅರ್ಜಿದಾರನು ಹಿಂದೆ ಬಾಗಲಕೋಟೆಯ ಲೋಕೋಪಯೋಗಿ ಇಲಾಖೆಯಲ್ಲಿ ಕಿರಿಯ ಇಂಜಿನಿಯರನಾಗಿದ್ದು, ಮನಸ್ಸಿನ ಮಾತನ್ನು ಈ ನಮೂನೆಯಲ್ಲದೆ ಬೇರೆ ರೀತಿಯಲ್ಲಿ ಬರೆಯಲು ಕಲಿಯದ ಕಾರಣ, ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತಾನೆ.

1. ಕಳೆದ ಎರಡು ವರ್ಷಗಳಿಂದ ಅರ್ಜಿದಾರನು ಊಟಕ್ಕೆ ಮೊದಲೇ ಸೋಫಾದ ಮೇಲೆ ನಿದ್ರೆ ಹೋಗುವುದು, ವಿನಾಕಾರಣ ರೇಗುವುದು, ಕಾರ್ ಇನ್ಶೂರೆನ್ಸ್ ಜಾಹೀರಾತು ನೋಡಿ ಕಣ್ಣೀರು ಹಾಕುವುದು ಇತ್ಯಾದಿ ನಡವಳಿಕೆ ತೋರಿರುತ್ತಾನೆ. ದಾಂಪತ್ಯ ಕರ್ತವ್ಯಕ್ಕೆ ಸಂಬಂಧಿಸಿದಂತೆ ಬೆನ್ನುನೋವು, ಆನ್‌ಕಾಲ್ ಡ್ಯೂಟಿ, ಏಕಾದಶಿ ಮುಂತಾದ ಕಾರಣ ನೀಡಿ ಗೈರುಹಾಜರಾಗಿರುತ್ತಾನೆ. ಲಿಂಗಾಯತರಾದ ನಮಗೆ ಏಕಾದಶಿ ಇಲ್ಲವೆಂಬುದನ್ನು ತಾವು ಆಗಲೇ ಗಮನಕ್ಕೆ ತಂದಿದ್ದೀರಿ.

2. ಮದುವೆಯ ವಾರ್ಷಿಕೋತ್ಸವದಂದು ತಾವು ಹೊಸ ಇಳಕಲ್ ಸೀರೆ ಉಟ್ಟು ಎದುರಿಗೆ ಬಂದು ನಿಂತಾಗ, ಅರ್ಜಿದಾರನು "ಎಲ್ಲಿಗೆ ಹೊಂಟಿ?" ಎಂದು ಕೇಳಿರುತ್ತಾನೆ. ಮರುದಿನ ತಾವು ಚಪಾತಿ ಲಟ್ಟಿಸುತ್ತಾ, ತಲೆ ಎತ್ತದೆ, "ನನ್ನ ಮ್ಯಾಲೆ ಮನಸಿದ್ರ ಹೇಳ್ರಿ, ಇಲ್ಲಂದ್ರ ಕೆಳಗ ಮಲಗ್ರಿ. ನಿಮ್ಮ ಗೊರಕಿಯಾದ್ರೂ ತಪ್ಪತೈತಿ" ಎಂದು ಆದೇಶಿಸಿದ್ದೀರಿ. ಅರ್ಜಿದಾರನು ಕೌದಿ ಹಿಡಿದು ಕೆಳಗಿಳಿದಿರುತ್ತಾನೆ. ಮನಸ್ಸಿತ್ತು. ಉಳಿದದ್ದು ಇರಲಿಲ್ಲ.

3. ತದನಂತರ ಅರ್ಜಿದಾರನು, ಪರಿಚಯದವರ ಕಣ್ಣಿಗೆ ಬೀಳಬಾರದೆಂಬ ಒಂದೇ ಉದ್ದೇಶದಿಂದ, ವಿಡಿಯೋ ಮೂಲಕ ನೋಡುವ ಡಾಕ್ಟರರ ಅಪಾಯಿಂಟ್‌ಮೆಂಟ್ ಪಡೆದು, ಗ್ಯಾರೇಜಿನಲ್ಲಿ ನಿಂತ ಮಿನಿವ್ಯಾನಿನೊಳಗೆ ಫೋನ್ ಹಿಡಿದು ಕುಳಿತಿರುತ್ತಾನೆ. ಪರದೆಯ ಮೇಲೆ ಪ್ರತ್ಯಕ್ಷರಾದವರು ಡಾ. ಸಿದ್ದೇಶ್ವರಿ. ಅಂದರೆ ಎಲಿಕಾಟ್ ಸಿಟಿಯ ಕರಬಸಪ್ಪನವರ ಮಗಳು. ಚಿಕ್ಕವಳಿದ್ದಾಗ ನಮ್ಮ ಮನೆಯ ಕಾರ್ಪೆಟ್ಟಿನ ಮೇಲೆ ಶೇಂಗಾ ಚಟ್ನಿ ಚೆಲ್ಲಿದವಳು.

"ಅಂಕಲ್, ನೀವು ನಮ್ ಡ್ಯಾಡ್ ಫ್ರೆಂಡ್. ಬೇರೆ ಡಾಕ್ಟರ್ ಬೇಕಾ? ನೋ ಪ್ರಾಬ್ಲಮ್. ಡ್ಯಾಡ್‌ಗೆ ನಾನು ಏನೂ ಹೇಳಲ್ಲ" ಎಂದಳು.

ಇನ್ನೊಬ್ಬರ ಮುಂದೆ ಮೊದಲಿನಿಂದ ಶುರು ಮಾಡುವ ಧೈರ್ಯವಿಲ್ಲದ ಕಾರಣ ಅರ್ಜಿದಾರನು ಬೇಡವೆಂದಿರುತ್ತಾನೆ. ಆಕೆ ಸುಸ್ತು, ನಿದ್ರೆ, ತೂಕ ಎಲ್ಲವನ್ನೂ ವಿಚಾರಿಸಿ ನಂತರ, "ಬೆಳಿಗ್ಗೆ ಎದ್ದೇಳೋದು ಇದೆಯಾ?" ಎಂದು ಕೇಳಿದಳು.

"ದಿನಾ ಆರಕ್ಕ ಏಳ್ತೀನವ್ವ."

"ನೀವಲ್ಲ, ಅಂಕಲ್."

ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಗ್ಯಾರೇಜಿನ ದೀಪ, ಒಳಗೆ ಯಾರೂ ಅಲುಗಾಡುತ್ತಿಲ್ಲವೆಂದು ಭಾವಿಸಿ, ತಾನಾಗಿ ಆರಿರುತ್ತದೆ. ಕತ್ತಲಲ್ಲಿಯೇ "ಇಲ್ಲ" ಎಂದು ಉತ್ತರಿಸಲಾಯಿತು. ಆಕೆ ನಗಲಿಲ್ಲ. "ಇದು ತುಂಬಾ ಜನಕ್ಕೆ ಆಗತ್ತೆ" ಎಂದಳು. ಗಂಡಸರ ಸುಸ್ತಿಗೆಂದು ಟಿವಿಯಲ್ಲಿ ಬರುವ ಔಷಧವನ್ನು ಈಗಲೇ ಬರೆದುಕೊಡು ಎಂದಾಗ, "ಆ್ಯಡ್ ನೋಡಿ ನಂಬಬೇಡಿ, ಅಂಕಲ್. ಸುಸ್ತಾದವರಿಗೆಲ್ಲ ಇದಲ್ಲ. ಬ್ಲಡ್ ಟೆಸ್ಟ್ ಫಸ್ಟ್" ಎಂದು ತಿರಸ್ಕರಿಸಿದಳು. ಫೋನ್ ಇಡುವ ಮುನ್ನ, "ಆಂಟಿ ಏನ್ ಅಂದ್ಕೊಂಡಿದಾರೆ?" ಎಂದು ಕೇಳಿದಳು. ಆ ಬಗ್ಗೆ ಅರ್ಜಿದಾರನು ಅದುವರೆಗೆ ಯೋಚಿಸಿರಲಿಲ್ಲವೆಂದು ತಿಳಿಸಲು ವಿಷಾದಿಸುತ್ತಾನೆ.

4. ಬೆಳಗಿನ ಹೊತ್ತು ಎರಡು ಬಾರಿ ರಕ್ತ ಪರೀಕ್ಷಿಸಲಾಗಿ, ಎರಡರಲ್ಲೂ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಇರಬೇಕಾದುದಕ್ಕಿಂತ ಬಹಳ ಕಡಿಮೆ ಇತ್ತು. ನಿದ್ರೆಯಲ್ಲಿ ಉಸಿರು ಆಗಾಗ ನಿಲ್ಲುತ್ತಿದೆಯೆಂಬುದೂ ಬೇರೊಂದು ಪರೀಕ್ಷೆಯಿಂದ ಹೊರಬಿದ್ದು, ಮೂಗಿಗೆ ಕಟ್ಟಿಕೊಳ್ಳುವ ಯಂತ್ರ ಮಂಜೂರಾಯಿತು. ಹಾರ್ಮೋನಿನ ಔಷಧವನ್ನು ಮುಖಾಮುಖಿ ನೋಡದೆ ಬರೆಯಲು ಕಾನೂನಿನಲ್ಲಿ ಅವಕಾಶವಿಲ್ಲದ ಕಾರಣ, ಫೇರ್‌ಫ್ಯಾಕ್ಸ್‌ನ ಕ್ಲಿನಿಕ್ಕಿಗೂ ಒಮ್ಮೆ ಹೋಗಿ ಬರಬೇಕಾಯಿತು. ತಮಗೆ ಹೇಳಿದ್ದು ಟೈರ್ ಬದಲಿಸಲು ಎಂದು.

5. ಈಗ ಮುಖ್ಯ ಸಂಗತಿ. ಹೋದ ವಾರ ತಾವು ಬೇಸ್‌ಮೆಂಟಿನ ಬಾತ್‌ರೂಮಿನಲ್ಲಿ ಜೆಲ್ಲಿನ ಬಾಟಲಿಯನ್ನು ಕಂಡು, "ಕೂದಲಿಲ್ಲದ ತಲಿಗೆ ಯಾರ ಸಲುವಾಗಿ ಜೆಲ್ಲು?" ಎಂದು ಕೇಳಿ, ಬೆರಳಿಗೆ ಹಚ್ಚಿ ನೋಡಲು ಹೊರಟಿರಿ. ಅರ್ಜಿದಾರನು ಅದನ್ನು ತಮ್ಮ ಕೈಯಿಂದ ಕಸಿದು, "ಮುಟ್ಟಬ್ಯಾಡ" ಎಂದು ಕೂಗಿರುತ್ತಾನೆ. ಕೂಗಿದ್ದಕ್ಕೆ ಬೇರೆ ಹೆಂಗಸು ಕಾರಣಳಲ್ಲ. ಅದೇ ಆ ಔಷಧ. ಭುಜಕ್ಕೆ ಹಚ್ಚುವಂಥದ್ದು, ಹೆಂಗಸರ ಚರ್ಮಕ್ಕೆ ತಾಗಿದರೆ ಮೀಸೆ ಬರುವ ಸಂಭವವುಂಟು. ತಮಗೆ ಮೀಸೆ ಬಂದರೆ ಈ ಮನೆಯ ಆಡಳಿತ ಇನ್ನೂ ಬಿಗಿಯಾಗುವುದೆಂಬ ಭಯ ಬೇರೆ. ಅಂದಿನಿಂದ ತಾವು ಮಾತು ಬಿಟ್ಟಿದ್ದೀರಿ.

6. ನಿಜ ಹೇಳಲೆಂದು ಅರ್ಜಿದಾರನು ಹಲವು ಸಲ ಮೇಲೆ ಬಂದು, ಬಾಗಿಲ ಹೊರಗೆ ನಿಂತು, ವೈ-ಫೈ ಪಾಸ್‌ವರ್ಡ್ ಕೇಳಿ ಹಿಂತಿರುಗಿರುತ್ತಾನೆ. ಪಾಸ್‌ವರ್ಡ್ ಇಟ್ಟವನು ಅವನೇ.

7. ಪ್ರಗತಿ ವರದಿ: ಮೂರು ತಿಂಗಳಿನಿಂದ ಊಟದವರೆಗೆ ಎಚ್ಚರವಿರುತ್ತಾನೆ. ಜಾಹೀರಾತಿಗೆ ಅಳುವುದು ನಿಂತಿದೆ. ಡಾಕ್ಟರು ಕತ್ತಲಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ, ಆಗಾಗ, ಹೌದು. "ಮ್ಯಾಜಿಕ್ ಅಲ್ಲ, ಅಂಕಲ್" ಎಂದು ಆಕೆ ಎಚ್ಚರಿಸಿದ್ದಾಳೆ. ಆದ್ದರಿಂದ ಮೇಲಧಿಕಾರಿಗಳು ಅತಿಯಾದ ನಿರೀಕ್ಷೆ ಇಟ್ಟುಕೊಳ್ಳಬಾರದು.

ಆದ್ದರಿಂದ, ಮೇಲ್ಕಂಡ ಎರಡು ವರ್ಷಗಳಲ್ಲಿ ಕೆಟ್ಟದ್ದು ಅರ್ಜಿದಾರನ ರಕ್ತವೇ ಹೊರತು ತಮ್ಮ ಮೇಲಿನ ಮನಸ್ಸಲ್ಲವೆಂಬುದನ್ನು ದಾಖಲಿಸಿಕೊಂಡು, ಷಾರ್ಲೆಟ್ ಪ್ರವಾಸವನ್ನು ರದ್ದುಪಡಿಸಿ, ವರ್ಗಾವಣೆ ಆದೇಶ ಹೊರಡಿಸಬೇಕೆಂದು ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿ, ವಿಶ್ವಾಸ ಉಳಿದಿದ್ದಲ್ಲಿ,
ಸೋಮಲಿಂಗಪ್ಪ

ಲಗತ್ತು: ರಕ್ತ ಪರೀಕ್ಷೆಯ ವರದಿ, ಎರಡು ಪ್ರತಿ. ಗೊರಕೆ ಯಂತ್ರದ ರಸೀದಿ.

ವಿ.ಸೂ.: ವರ್ಗಾವಣೆ ಸಾಧ್ಯವಾಗದಿದ್ದಲ್ಲಿ, ಬೇಸ್‌ಮೆಂಟಿಗೆ ಹೀಟರ್ ಒಂದನ್ನಾದರೂ ಮಂಜೂರು ಮಾಡಬೇಕು.

ಷರಾ, ಮುಖ್ಯಾಧಿಕಾರಿಗಳ ಕೈಬರಹದಲ್ಲಿ:
ಓದೀನಿ. ಎರಡು ವರ್ಷ ಕನ್ನಡಿ ಮುಂದ ನಿಂತು ನನ್ನೊಳಗ ಏನ್ ಕಡಿಮಿ ಆಗೈತಿ ಅಂತ ಹುಡುಕೀನಿ. ಒಂದ್ ಮಾತ್ ಬಾಯಿ ಬಿಟ್ಟು ಹೇಳಾಕ ಆಗಲಿಲ್ಲೇನ್ರಿ ನಿಮಗ? ಟಿಕೆಟ್ ವಾಪಸ್ ಆಗೂದಿಲ್ಲ, ಅಕ್ಕನ ಮನಿಗೆ ಹೋಗೂದ ಹೋಗೂದು. ನಿಮಗೂ ಒಂದು ತಗದೀನಿ. ಮ್ಯಾಲೆ ಬಂದು ಬ್ಯಾಗ್ ತುಂಬ್ರಿ.