ಮೇಜಿನ ನಾಲ್ಕನೇ ಕಾಲು

ಕಾರ್ಖಾನೆಯ ಸ್ಟೋರಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಕಾಲ ಕಂಡಕಂಡವರಿಗೆಲ್ಲ ವೆಲ್ಡಿಂಗ್ ರಾಡು ಹಂಚಿದ ಚನ್ನಕೇಶವ, ಎರಡು ಸಾವಿರದ ನಾಲ್ಕನೇ ಇಸವಿಯ ಒಂದು ಶನಿವಾರ, ಅನ್ನಪೂರ್ಣೇಶ್ವರಿ ನಗರದ ತನ್ನ ಮನೆಯಲ್ಲಿ ಘನಘೋರ ಪ್ರತಿಜ್ಞೆ ಮಾಡಿದ.

"ಪಂಕಜಾ, ನಾಳೆ ಒಂಬತ್ತೂವರೆಗೆ ನನ್ನ ವೆಲ್ಡಿಂಗ್ ಟೇಬಲ್ ರೆಡಿ! ಪೂರ್ತಿ ಕಬ್ಬಿಣ. ಆನೆ ಹತ್ತಿದ್ರೂ ಅಲ್ಲಾಡಲ್ಲ!"

"ಆನೆ ವಿಷಯ ಆಮೇಲೆ ನೋಡೋಣ ರೀ. ನಾಳೆ ಹತ್ತೂವರೆಗೆ ವಿಜಯನಗರದಲ್ಲಿ ಚಿಕ್ಕಪ್ಪನ ಮಗಳ ಮುಹೂರ್ತ. ಅದು ನೆನಪಿರ್ಲಿ."

ಕಾರಿಲ್ಲದ ಕಾರ್ ಶೆಡ್ಡೇ ಅವನ ವರ್ಕ್‌ಶಾಪು. ವೆಲ್ಡಿಂಗ್ ಮೆಷಿನ್ನು ಬಾಡಿಗೆಯದು. ಹುಮ್ಮಸ್ಸು ಮಾತ್ರ ಸ್ವಂತದ್ದು! ಆ ಹುಮ್ಮಸ್ಸಿಗೆ ಕಾರಣ ಅದೇ ಕಾರ್ಖಾನೆಗೆ ಗದಗಿನ ಕಡೆಯಿಂದ ಬಂದ ಹಿರಿಯ ವೆಲ್ಡರ್ ದ್ಯಾಮಪ್ಪ. ಅವರು ಎಳೆದ ಬೆಸುಗೆ ಎಂದರೆ ನಾಣ್ಯಗಳನ್ನು ಸಾಲಾಗಿ ಒರಗಿಸಿಟ್ಟ ಹಾಗೆ. ಅದನ್ನು ನೋಡಿ ನೋಡಿ ಚನ್ನಕೇಶವನಿಗೆ ಭಕ್ತಿಯೇ ಹುಟ್ಟಿಬಿಟ್ಟಿತ್ತು. ಅಂಥವರ ಬಾಯಿಂದ ಜೀವಮಾನದಲ್ಲಿ ಒಮ್ಮೆ 'ಭೇಷ್' ಅನ್ನಿಸಿಕೊಳ್ಳಬೇಕು! ಅದಕ್ಕೇ ಭಾನುವಾರ ಬೆಳಿಗ್ಗೆ ಟೇಬಲ್ ನೋಡಲು ಬನ್ನಿ ಎಂದು ಅವರನ್ನು ಕರೆದೂ ಬಿಟ್ಟಿದ್ದ.

ಭಾನುವಾರ ಏಳಕ್ಕೇ ಕಿಡಿ ಹಾರತೊಡಗಿತು. ರಾಡು ಒಂದು ಸಲ ತಗುಲಿಸುವುದು, ಮುಖಕ್ಕೆ ಹಿಡಿದ ಶೀಲ್ಡು ಎತ್ತಿ ತನ್ನ ಕೆಲಸಕ್ಕೆ ತಾನೇ ತಲೆದೂಗುವುದು. ಹೀಗೆ ಮೂರು ಕಾಲು ನಿಂತವು. ನಾಲ್ಕನೆಯದು ಮಾತ್ರ ಕುಡಿದವನಂತೆ ವಾಲಿತು. ಗೇಟಿಗಿಂತ ನೆಟ್ಟಗಿರುವುದು ಮನೆಯಲ್ಲಿ ಇನ್ನೇನಿದೆ? ಮೇಜನ್ನು ಗೇಟಿನ ಪಕ್ಕಕ್ಕೆಳೆದು, ಎರಡು ಬಾಗಿಲು ಕೂಡುವ ಕಡೆ ಆ ಕಾಲನ್ನು ತಂತಿಯಿಂದ ಬಿಗಿದ. ಒಳಗಿನಿಂದ ಪಂಕಜಾ "ಒಂಬತ್ತೂಕಾಲು!" ಎಂದು ಕೂಗಿದಳು. ಶೀಲ್ಡು ಎತ್ತಿ ಮೆಚ್ಚಿಕೊಳ್ಳಲು ಪುರುಸೊತ್ತಿಲ್ಲದೆ, ಆ ಕಪ್ಪು ಗಾಜಿನ ಕತ್ತಲಲ್ಲೇ ಒಂದಿಡೀ ರಾಡು ನಿಧಾನವಾಗಿ ಎಳೆದು ಮುಗಿಸಿದ.

ಎಳೆದದ್ದೇನೋ ಸರಿ. ಆದರೆ ಕಾಲು ಅಂಟಿದ್ದು ಮೇಜಿಗಲ್ಲ, ಗೇಟಿನ ಎರಡೂ ಬಾಗಿಲುಗಳಿಗೆ!

ರೇಷ್ಮೆ ಸೀರೆ ಉಟ್ಟು ಬಂದ ಪಂಕಜಾ, "ಗೇಟ್ ತೆಗೀರಿ" ಎಂದಳು.

"ಅದು... ವೆಲ್ಡ್ ಆಗಿದೆ ಕಣೇ."

"ಯಾವುದು?"

"ಗೇಟು."

"ಕಳ್ಳ ಬರಬಾರ್ದು ಅಂತ ಊರೆಲ್ಲ ಗೇಟ್ ಹಾಕಿಸ್ತಾರೆ. ನೀವು ಹೆಂಡ್ತಿ ಹೋಗಬಾರ್ದು ಅಂತ ಬೆಸೆದಿದೀರಲ್ರೀ!"

ಅಷ್ಟರಲ್ಲಿ ದ್ಯಾಮಪ್ಪ ಬಂದೇ ಬಿಟ್ಟರು. "ಒಳಗ ಹ್ಯಾಂಗ ಬರೂದ್ರೀ ಸಾಹೇಬ್ರ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟು ಹತ್ತಿ ಇಳಿದರು. ಸುತ್ತಿಗೆ ತೆಗೆದುಕೊಂಡು ಮೇಜಿನ ಮೊದಲ ಕಾಲಿಗೆ ಮೆಲ್ಲಗೆ ಒಂದು ತಟ್ಟು. ಟಣ್! ಬಿತ್ತು. ಎರಡನೆಯದಕ್ಕೆ ತಟ್ಟುವ ಮೊದಲೇ ಮೇಜು ಪೂರ್ತಿ ಧಡಾರನೆ ಮಗುಚಿತು.

"ಆನೆ ಹತ್ತಿತಾ?" ಎಂದಳು ಪಂಕಜಾ.

ಚನ್ನಕೇಶವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ದ್ಯಾಮಪ್ಪ ಗೇಟಿನತ್ತ ನಡೆದರು. ಅಲ್ಲಿ ಅಂಟಿ ನಿಂತಿದ್ದ ನಾಲ್ಕನೇ ಕಾಲಿಗೆ ಹತ್ತು ಏಟು ಬಾರಿಸಿದರು. ಬೀದಿಯವರೆಲ್ಲ ಹೊರಗೆ ಬಂದರು, ಕಾಲು ಮಾತ್ರ ಕದಲಲಿಲ್ಲ. ಬೆಸುಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದರು.

"ಇದನ್ನ ಯಾರ ಹಾಕ್ಯಾರ್ರೀ?"

"ನಾನೇ ದ್ಯಾಮಪ್ಪನೋರೆ. ನೋಡದೇ, ತಪ್ಪಾಗಿ..."

"ಭೇಷ್! ನಾ ಹಾಕಿದ್ರೂ ಹಿಂಗ ಹಾಕ್ತಿದ್ದೆ ನೋಡ್ರಿ!"

ಚನ್ನಕೇಶವನ ಕಣ್ಣು ತುಂಬಿ ಬಂತು. ಮೇಜು, ಮದುವೆ, ಮುಹೂರ್ತ ಎಲ್ಲ ಮರೆತೇ ಹೋಯಿತು. ದ್ಯಾಮಪ್ಪ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡು ಕೈಗೆತ್ತಿಕೊಂಡದ್ದೇ ತಡ, ಚನ್ನಕೇಶವ ಗೇಟಿಗೆ ಅಡ್ಡ ನಿಂತುಬಿಟ್ಟ.

"ಬೇಡಿ! ನೀವೇ ಭೇಷ್ ಅಂದ ಬೆಸುಗೆ, ಕೊಯ್ಯೋದು ಬೇಡ. ನಾವು ಗೇಟ್ ಹತ್ತಿ ಇಳೀತೀವಿ!"

ಪಂಕಜಾ ಗಂಡನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ನೀವು ಧಾರಾಳವಾಗಿ ಕೊಯ್ಯಿರಿ ದ್ಯಾಮಪ್ಪನೋರೆ. ಇವರ ಕಲೆ ಎಲ್ಲೂ ಹೋಗಲ್ಲ. ನಾಳೆ ಇನ್ನೊಂದು ತಪ್ಪು ಮಾಡ್ತಾರೆ!"