ಹದಿನಾಲ್ಕು ಮಂದಿಗಾಗುವ ಸ್ಪ್ರಿಂಗ್ ಕಳುಹಿಸಿದ ಸಾಹೇಬರಿಗೆ

ಮಾನ್ಯರೇ,

ಜೀಪು ಎತ್ತರಿಸುವ ಕಿಟ್ ತಯಾರಿಸಿ ಊರೂರಿಗೆ ಕಳುಹಿಸುವ ಕಂಪನಿಯ ದೊಡ್ಡ ಸಾಹೇಬರಾದ ತಮಗೆ ಜೇವರ್ಗಿಯ ಹೈಸ್ಕೂಲು ಮಾಸ್ತರ ಧೀರೇಂದ್ರನ ಅನಂತ ನಮಸ್ಕಾರಗಳು. ತಾವೂ, ತಮ್ಮ ಗೋದಾಮಿನ ಸಮಸ್ತ ನಟ್ಟು ಬೋಲ್ಟುಗಳೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಮೊದಲಿಗಿಂತ ಸ್ವಲ್ಪ ಎತ್ತರದಲ್ಲಿ.

ಅಂದೋಲಾದ ನಮ್ಮ ಹೊಲದ ದಾರಿ ಎರಿಮಣ್ಣಿನದು. ಮಳೆ ಬಿದ್ದರೆ ನಮ್ಮ ಮೂವತ್ತೈದು ವರ್ಷದ ಜೀಪು ಕೆಸರಿಗೆ ಹೊಟ್ಟೆ ಹಚ್ಚಿ ಅಲ್ಲೇ ಕೂತುಬಿಡುತ್ತಿದ್ದುದರಿಂದ, ನಾಲ್ಕಿಂಚು ಎತ್ತರಿಸೋಣವೆಂದು ತಮಗೆ ಅರ್ಜಿ ತುಂಬಿದೆ. ಗಾಡಿಯಲ್ಲಿ ಎಷ್ಟು ಮಂದಿ ಕೂಡುತ್ತೀರಿ, ಅದಕ್ಕೆ ತಕ್ಕ ಸ್ಪ್ರಿಂಗ್ ಕಳುಹಿಸುತ್ತೇವೆ ಎಂದು ತಾವು ಕೇಳಿದ್ದಿರಿ. ನಾನು ‘ಇಬ್ಬರು’ ಎಂದು ಬರೆದೆ. ಆದರೆ ನಮ್ಮ ಮಾತೋಶ್ರೀ ತುಳಸಾಬಾಯಿಯವರು ಅರ್ಜಿಯನ್ನು ಲಗ್ನಪತ್ರಿಕೆಯಂತೆ ಓದಿಸಿಕೊಂಡು, “ಮಂದೀನ ಬಿಟ್ರ ನಾಳೆ ಯಾವ ಮಾರಿ ತಗೊಂಡು ಅವರ ಮನಿಗೆ ಹೋಗ್ಲೋ?” ಎಂದು ಗದರಿ, ಬೀಗರಿಂದ ಹಿಡಿದು ಎದುರುಮನೆಯ ಮಲ್ಕಮ್ಮನವರೆಗೆ ಎಲ್ಲರನ್ನೂ ಎಣಿಸಿ ಹದಿನಾಲ್ಕು ಮಾಡಿಸಿದರು.

ತಾವಾದರೂ ನಗಬಾರದಿತ್ತೇ? ಒಂದು ಫೋನು ಹಚ್ಚಿ, ಮಾಸ್ತರರೇ ಇದು ಜೀಪೋ ಬಸ್ಸೋ ಎಂದು ಕೇಳಬಾರದಿತ್ತೇ? ಇಲ್ಲ, ಗಿರಾಕಿಯ ಮಾತೇ ವೇದವೆಂದು ಹದಿನಾಲ್ಕು ಮಂದಿಗಾಗುವ ಸ್ಪ್ರಿಂಗನ್ನೇ ಕಳುಹಿಸಿದಿರಿ. ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಎಲ್ಲಿದೆ ಸಾಹೇಬರೇ! ಮೆಕ್ಯಾನಿಕ್ ಜಗದೇವ ಕಿಟ್ ಕೂಡಿಸಿ ಜಾಕ್ ತೆಗೆದ ಮೇಲೂ ಗಾಡಿ ಕೆಳಗಿಳಿಯಲಿಲ್ಲ, ಅವನು ಎರಡು ಸಲ ಬಗ್ಗಿ, “ಏನ್ರಿ ಸರ, ಇನ್ನೂ ಜಾಕಿನ ಮ್ಯಾಲೇ ಐತೇನ್ರಿ?” ಎಂದು ನನ್ನನ್ನೇ ಕೇಳಿದ. ನಾಲ್ಕಿಂಚು ಹೋಗಿ ಒಂಬತ್ತಿಂಚಾಗಿತ್ತು.

ಈಗ ಜೀಪಿಗೆ ಕೆಸರು ತಾಗುವುದಿಲ್ಲ, ಮಾತೋಶ್ರೀಯವರ ಕಾಲೂ ತಾಗುವುದಿಲ್ಲ. ಇಪ್ಪತ್ತೆರಡು ವರ್ಷ ಒಂದು ಗುರುವಾರವೂ ತಪ್ಪಿಸದೆ ಗಾಣಗಾಪುರಕ್ಕೆ ಹೋಗಿಬಂದವರು, ಆ ಗುರುವಾರ ಸ್ಟೂಲು ಹತ್ತಿಯೂ ಜೀಪು ಏರಲಾಗದೆ, ಮೊಣಕಾಲು ಹಿಡಿದು, ಪೂಜೆಯ ಚೀಲದೊಂದಿಗೆ ಮನೆಯೊಳಗೆ ಮರಳಿದರು. ಅಂದು ಅವರು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಮುಂದಿನ ಗುರುವಾರ ಜಗದೇವನೇ ಉಪಾಯ ಹೇಳಿದ. ಅರ್ಜಿಯಲ್ಲಿದ್ದ ಮಿಕ್ಕವರನ್ನೆಲ್ಲ ಕರೆತಂದು ಗಾಡಿಯಲ್ಲಿ ತುಂಬಿದೆವು. ಸ್ಪ್ರಿಂಗ್ ನಿಟ್ಟುಸಿರು ಬಿಟ್ಟು ತಗ್ಗಿತು, ಮಾತೋಶ್ರೀಯವರು ಮಹಾರಾಣಿಯಂತೆ ಏರಿ ಕೂತರು. ಇನ್ನು ಇಳಿಯಿರಿ ಎಂದರೆ ಯಾರು ಇಳಿಯುತ್ತಾರೆ? ಇವರು ಇಳಿದರೆ ಗಾಡಿ ಏರುತ್ತದೆ, ಗಾಡಿ ಏರಿದರೆ ಗಾಣಗಾಪುರದಲ್ಲಿ ಮಾತೋಶ್ರೀಯವರು ಇಳಿಯುವುದು ಹೇಗೆ? ಹೀಗೆ ಹದಿನಾಲ್ಕೂ ಮಂದಿ ಹೊರಟು, ಚೌಡಾಪುರದಲ್ಲಿ ಚಹಾ ಕುಡಿಯಲೂ ಯಾರೂ ಇಳಿಯದೆ, ಕಿಟಕಿಯಿಂದಲೇ ಕಪ್ಪು ತರಿಸಿಕೊಂಡೆವು. ಅಂದಿನಿಂದ ಪ್ರತಿ ಗುರುವಾರ ಇದೇ ದಿಂಡಿಯಾತ್ರೆ. ಮಲ್ಕಮ್ಮ ಭಜನೆಗೆ ತಾಳ ತರುತ್ತಾಳೆ. ನನ್ನ ತೊಡೆಯ ಮೇಲೆ ಬೀಗರ ಬುತ್ತಿ ಇರುತ್ತದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಒಂದೋ ಇಬ್ಬರಿಗಾಗುವ ಸ್ಪ್ರಿಂಗ್ ಕಳುಹಿಸಿರಿ, ಇಲ್ಲವೇ ಗುರುವಾರ ಬಿಡುವಿರುವ, ಹಾಡಲು ಬಾರದ ಹನ್ನೆರಡು ದಪ್ಪ ನೌಕರರನ್ನು ಕಿಟ್ಟಿನ ಬಿಡಿಭಾಗವೆಂದು ಪಾರ್ಸಲ್ ಮಾಡಿರಿ.

ಎಂದು ಬರೆದು ಮುಗಿಸಿದ್ದೆ. ಅಷ್ಟರಲ್ಲಿ ಜಗದೇವ ಜೀಪಿನ ಬಾಗಿಲಿಗೆ ಕಬ್ಬಿಣದ ಮೆಟ್ಟಿಲು ಬೆಸೆದು ತಂದ. ಮಾತೋಶ್ರೀಯವರು ಒಂದು ಸಲ ಸಲೀಸಾಗಿ ಹತ್ತಿದರು, ಸಲೀಸಾಗಿ ಇಳಿದರು, ಮೆಟ್ಟಿಲನ್ನೊಮ್ಮೆ ನೋಡಿದರು. “ತಗದುಬಿಡೋ ಜಗದೇವ. ಇದಿದ್ರ ಅವರೆಲ್ಲ ಯಾಕ ಬರ್ತಾರ?” ಎಂದರು. ಮೇಲಿನ ಪ್ರಾರ್ಥನೆಯನ್ನು ದಯವಿಟ್ಟು ಹೊಡೆದುಹಾಕಿಕೊಳ್ಳಿರಿ.

ತಮ್ಮ ವಿಶ್ವಾಸಿ,
ಹಿಂದಿನ ಸೀಟಿನಲ್ಲೂ ಜಾಗ ಸಿಗದೆ ಸ್ಟೇರಿಂಗ್ ಹಿಡಿದಿರುವ
ಧೀರೇಂದ್ರ

ತಾ.ಕ.: ಹದಿನಾಲ್ಕರಲ್ಲಿ ಒಬ್ಬಳಾದ ಬೀಗರ ಕಿರಿಮಗಳು ಗರ್ಭಿಣಿಯಾದ್ದರಿಂದ ಮುಂದಿನ ತಿಂಗಳು ಒಂದು ಜಾಗ ಖಾಲಿಯಾಗಿ ಗಾಡಿ ಅರ್ಧ ಇಂಚು ಮೇಲೇಳಲಿದೆ. ಮಾತೋಶ್ರೀಯವರು ಆ ಜಾಗಕ್ಕೆ ಸಾಹೇಬರಾದ ತಮ್ಮ ಹೆಸರನ್ನೇ ಬರೆಸಿದ್ದಾರೆ. ಗುರುವಾರ ಬೆಳಗಿನ ಏಳಕ್ಕೆ ಬರಬೇಕು, ಬರುವಾಗ ಹೊಟ್ಟೆ ತುಂಬ ತಿಂದು ಬರಬೇಕು.